ಹೀಟರ್ ಹಾಳಾದ ಪೊರಕೆ ಗಾಡಿ

2010ರ ದಶಕದ ನಡುಭಾಗದಲ್ಲಿ ನಾನು ಸಿಡ್ನಿಯ ಒಂದು ಬಾಡಿಗೆ ಬಸ್ ಕಂಪನಿಯಲ್ಲಿ ಡ್ರೈವರ್ ಆಗಿದ್ದೆ. ಮನೆ ಅಲ್ಲಿನ ಟೂಂಗಾಬಿ ಬಡಾವಣೆಯಲ್ಲಿ. ಮದುವೆಗೆ ಹೋಗುವವರು, ಶಾಲೆಯ ಮಕ್ಕಳು, ನಾರ್ತ್ ಸಿಡ್ನಿಯ ಆಫೀಸುಗಳಿಂದ ವೈನ್ ಕುಡಿಯಲು ಹೊರಟವರು, ಹೀಗೆ ಎಲ್ಲರನ್ನೂ ಕರೆದೊಯ್ಯುವ ಕೆಲಸ. ಆ ವರ್ಷ ಚಳಿಗಾಲ ಇನ್ನೂ ಪೂರ್ತಿ ಮುಗಿಯದಿದ್ದಾಗ ಮ್ಯಾನೇಜರ್ ಕರೆದು, ಮಹಿಳೆಯರ ಸೈಕಲ್ ರೇಸ್ ಒಂದರ ಹಿಂದೆ ಐದು ದಿನ ಮಿನಿಬಸ್ ಓಡಿಸಬೇಕು ಎಂದರು. ಶುರು ಸಿಡ್ನಿಯ ಹೊರವಲಯದಲ್ಲಿ, ಮುಕ್ತಾಯ ಮೆಲ್ಬರ್ನಿನಲ್ಲಿ.

ನನಗೆ ಸಿಕ್ಕಿದ್ದು ಬ್ರೂಮ್ ವ್ಯಾಗನ್, ಅಂದರೆ ಪೊರಕೆ ಗಾಡಿ. ಎಲ್ಲರಿಗಿಂತ ಹಿಂದೆ ಬರುವ ಸವಾರಳ ಹಿಂದೆ ಈ ಗಾಡಿ ಸಾಗುತ್ತದೆ. ಇನ್ನು ಆಗುವುದಿಲ್ಲ ಎಂದವರನ್ನು ಗುಡಿಸಿ ಒಳಗೆ ಹಾಕಿಕೊಳ್ಳುವುದು ಅದರ ಕೆಲಸ. ಸಂಪ್ರದಾಯಕ್ಕೆಂದು ಹಿಂದುಗಡೆ ನಿಜವಾದ ಒಂದು ಪೊರಕೆಯನ್ನೇ ಕಟ್ಟಿದ್ದರು. ನನ್ನ ಹೆಂಡತಿ ಲೀನಾ ಅದನ್ನು ನೋಡಿ, "ಮನೆಯಲ್ಲಿ ಒಂದು ದಿನವೂ ಮುಟ್ಟದವರು ಇಲ್ಲಿ ಊರಿಡೀ ಮೆರವಣಿಗೆ ಮಾಡ್ತೀರಲ್ಲ" ಎಂದು ನಕ್ಕಳು. ನಕ್ಕರೂ ದೊಡ್ಡ ಫ್ಲಾಸ್ಕಿನ ತುಂಬ ಹುರುಳಿ ಸಾರು ತುಂಬಿ, ಮುಂದಿನ ದಿನಗಳಿಗೆ ಬಿಸಿನೀರಿಗೆ ಹಾಕಿಕೊಳ್ಳಲೆಂದು ಸಾರಿನ ಪುಡಿಯನ್ನೂ ಕಟ್ಟಿ ಕೊಟ್ಟಳು.

ನನ್ನ ಪಕ್ಕದ ಸೀಟಿನಲ್ಲಿ ಕೂರಬೇಕಾಗಿದ್ದ ರೆಫರಿಯ ಹೆಸರು ಸುಮಾ. ಮೈಸೂರಿನವಳು, ವಾರವಿಡೀ ಐಟಿ ಕೆಲಸ, ರಜೆ ಹಾಕಿ ಸೈಕಲ್ ರೇಸಿನ ತೀರ್ಪುಗಾರಿಕೆ. ನಾನು ಎರಡು ವಾಕ್ಯ ಇಂಗ್ಲಿಷ್ ಮಾತಾಡುವಷ್ಟರಲ್ಲಿ, "ಅಂಕಲ್, ನೀವು ಮಂಗಳೂರಾ?" ಎಂದು ಹಿಡಿದುಬಿಟ್ಟಳು. ಅವಳು ಹೇಳಿದ ನಿಯಮ ಒಂದೇ. ಸವಾರಳು ತಾನಾಗಿ "ನಿಲ್ಲಿಸಿದೆ" ಎನ್ನಬೇಕು, ಆಮೇಲೆ ಬೆನ್ನಿನ ನಂಬರ್ ಬಿಚ್ಚಿ ಸುಮಾಳ ಕೈಗೆ ಕೊಡಬೇಕು. ಒಮ್ಮೆ ಗಾಡಿಯಲ್ಲಿ ಕೂತು ಗಾಡಿ ಮುಂದೆ ಹೋಯಿತೆಂದರೆ ಅವಳ ರೇಸ್ ಮುಗಿದಂತೆ. ನಾನು ಹೂಂಗುಟ್ಟಿದೆ. ಕಿವಿಗೆ ಬಿದ್ದದ್ದೆಲ್ಲ ತಲೆಗೆ ಹೋಗುವುದಿಲ್ಲ ಎಂಬುದು ಮಧ್ಯಾಹ್ನದೊಳಗೆ ಗೊತ್ತಾಯಿತು.

ಮೊದಲ ದಿನವೇ ಮಳೆ ಹಿಡಿಯಿತು. ವೈಪರ್ ಎಷ್ಟು ಓಡಿದರೂ ಮುಂದಿನ ರಸ್ತೆ ಕಾಣದಂಥ ಮಳೆ. ಒಂದು ಇಳಿಜಾರಿನ ಕೊನೆಗೆ ಕೇಟ್ ಎಂಬ ಹುಡುಗಿ ಸೈಕಲ್ ನಿಲ್ಲಿಸಿ ಬೇಲಿಗೆ ಒರಗಿ ನಿಂತಿದ್ದಳು. ತುಟಿ ನೀಲಿಗಟ್ಟಿತ್ತು, ಕೈ ನಡುಗುತ್ತಿತ್ತು. ಸುಮಾ ಹೆಡ್‌ಫೋನ್ ಹಾಕಿಕೊಂಡು ರೇಡಿಯೋದಲ್ಲಿ ಮುಳುಗಿದ್ದಳು. ನಾನು ಕೊಡೆ ಹಿಡಿದು ಇಳಿದೆ. ಮಳೆಯಲ್ಲಿ ನೆನೆಯುತ್ತ ನಿಂತವರನ್ನು ಕಂಡರೆ ನಮ್ಮ ಕಡೆಯವರ ಬಾಯಲ್ಲಿ ಬರುವುದು ಒಂದೇ ಮಾತು. ಬನ್ನಿ, ಒಳಗೆ ಬನ್ನಿ, ಮಳೆ ಸ್ವಲ್ಪ ಬಿಡಲಿ. ಅದನ್ನೇ ಇಂಗ್ಲಿಷಿನಲ್ಲಿ ಅಂದೆ. ಅವಳು ಬಂದು ಕೂತಳು. ಸೈಕಲನ್ನೂ ನಾನೇ ಎತ್ತಿ ಹಿಂದಿನ ಸ್ಟ್ಯಾಂಡಿಗೆ ಹಾಕಿ, ಒಂದು ಲೋಟ ಸಾರು ಬಗ್ಗಿಸಿ ಕೊಟ್ಟು, ಪುಣ್ಯದ ಕೆಲಸ ಮಾಡಿದ ಖುಷಿಯಲ್ಲಿ ಗಾಡಿ ಬಿಟ್ಟೆ. ಇನ್ನೂರು ಮೀಟರ್ ಹೋಗಿರಬಹುದು, ಸುಮಾ ತಿರುಗಿ ನಂಬರ್ ಕೊಡು ಎಂದು ಕೈ ಚಾಚಿದಳು.

"ನಾನು ನಿಲ್ಲಿಸಿಲ್ಲ. ಮಳೆ ಜಾಕೆಟ್ ಹಾಕಿಕೊಳ್ಳೋಕೆ ನಿಂತಿದ್ದೆ" ಎಂದಳು ಕೇಟ್.

ಸುಮಾ ನನ್ನತ್ತ ತಿರುಗಿ ಕನ್ನಡದಲ್ಲಿ, "ಅಂಕಲ್, ಏನ್ ಮಾಡ್ಬಿಟ್ರಿ! ಅವಳು ಕ್ವಿಟ್ ಅಂದ್ಲಾ?" ಎಂದಳು.

"ಚಳಿಗೆ ನಡುಗ್ತಾ ಇದ್ದಳು ಮಾರಾಯ್ತಿ. ನಾನು ಬಾ ಅಂದೆ, ಬಂದಳು."

ಗಾಡಿ ಚಲಿಸಿಯಾಗಿತ್ತು. ಬೇರೆ ದಾರಿಯೇ ಇರಲಿಲ್ಲ. ಕೇಟ್‌ಳ ಬೆರಳು ಮರಗಟ್ಟಿ ಹೋಗಿದ್ದರಿಂದ ನಂಬರಿನ ನಾಲ್ಕು ಪಿನ್ನುಗಳನ್ನು ಸುಮಾಳೇ ಬಿಚ್ಚಿದಳು. ನನಗೆ ಭೂಮಿ ಬಾಯ್ದೆರೆದರೆ ಸಾಕು ಅನ್ನಿಸಿತು. ಸಂಜೆ ಕ್ಷಮೆ ಕೇಳಲು ಹೋದಾಗ ಕೇಟ್ ನನ್ನನ್ನು ಬೈಯಲಿಲ್ಲ. "ನೀವು ಕರೆದಿರಿ, ನಾನು ಬಂದೆ. ಯಾರೂ ಕರೆಯದೇ ಇದ್ದಿದ್ದರೆ ಹೋಗುತ್ತಿದ್ದೆ" ಎಂದಳು, ಅಷ್ಟೇ. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ನನ್ನ ಆತಿಥ್ಯದ ನಿಜವಾದ ಬೆಲೆ ಎಷ್ಟೆಂದು ಮರುದಿನ ಸುಮಾ ವಿವರಿಸಿದಳು. ಕೇಟ್‌ಳದು ನಾಲ್ಕೇ ಜನರ ಪುಟ್ಟ ತಂಡ. ತಂಡಗಳ ಪಟ್ಟಿಯಲ್ಲಿ ಉಳಿಯಬೇಕಾದರೆ ಕನಿಷ್ಠ ಮೂವರು ಕೊನೆಯವರೆಗೆ ಮುಟ್ಟಬೇಕು. ಪಟ್ಟಿಯಲ್ಲಿ ಮೊದಲ ಮೂರರೊಳಗೆ ಬಂದರೆ ಪ್ರಾಯೋಜಕರು ಇನ್ನೊಂದು ವರ್ಷ ತಂಡವನ್ನು ನಡೆಸುತ್ತಾರೆ, ಇಲ್ಲದಿದ್ದರೆ ಮುಚ್ಚುತ್ತಾರೆ. ಈಗ ಉಳಿದಿರುವುದು ಸರಿಯಾಗಿ ಮೂವರು. ಅಂದರೆ ಇನ್ನೊಬ್ಬಳು ನನ್ನ ಗಾಡಿ ಹತ್ತಿದರೆ ನಾಲ್ವರ ಕೆಲಸವೂ ಹೋದಂತೆ. ಅಂದಿನಿಂದ ಬಾಗಿಲಿನ ಬಟನ್ ಕಡೆಗೆ ಕೈ ಹೋದಾಗಲೆಲ್ಲ ಸುಮಾ, "ಅಂಕಲ್, ಕೈ ಸ್ಟೀರಿಂಗ್ ಮೇಲೆ" ಎನ್ನುತ್ತಿದ್ದಳು.

ನಡುವಿನ ಮೂರು ದಿನ ಹೇಗೋ ಕಳೆದವು. ಐದನೆಯ ದಿನ ಮೆಲ್ಬರ್ನಿನ ಪೂರ್ವಕ್ಕಿರುವ ಡ್ಯಾಂಡಿನಾಂಗ್ ಬೆಟ್ಟಗಳ ಮೇಲೆ ಮಳೆ, ಗಾಳಿ, ನಡುನಡುವೆ ಆಲಿಕಲ್ಲು. ಬೆಳಿಗ್ಗೆಯಿಂದ ಒಂಬತ್ತು ಮಂದಿ ತಾವಾಗಿ ರೇಸ್ ಬಿಟ್ಟಿದ್ದರು. ಅವರನ್ನೆಲ್ಲ ಊಟದ ಜಾಗದಲ್ಲಿ ಅವರವರ ತಂಡಕ್ಕೆ ಒಪ್ಪಿಸಿದ್ದರಿಂದ ಗಾಡಿ ಖಾಲಿಯಿತ್ತು. ನಮ್ಮ ಮುಂದೆ ಒಬ್ಬಳೇ ಉಳಿದಿದ್ದಳು, ಸೋಫಿ. ಕೇಟ್‌ಳದೇ ತಂಡದವಳು, ಆ ತಂಡ ಆಗ ಪಟ್ಟಿಯಲ್ಲಿ ಮೂರನೆಯದು. ಅವಳ ಜೊತೆಯ ಇಬ್ಬರೂ ಮುಂದೆ ಹೋಗಿದ್ದರು. ಗೆದ್ದವಳು ಮುಟ್ಟಿದ ಇಂತಿಷ್ಟು ನಿಮಿಷದೊಳಗೆ ಉಳಿದವರೂ ಮುಟ್ಟಬೇಕೆಂಬ ಟೈಮ್ ಲಿಮಿಟ್ ಇರುತ್ತದೆ. ಸುಮಾ ಗಡಿಯಾರ ನೋಡಿ, "ನಿಲ್ಲದೇ ಹೋದ್ರೆ ಆಗತ್ತೆ, ನಿಂತ್ರೆ ಇಲ್ಲ" ಎಂದಳು.

ಹಾಗೆಂದ ಸ್ವಲ್ಪ ಹೊತ್ತಿಗೇ ಸೋಫಿ ಕಾಲು ಕೆಳಗಿಟ್ಟಳು.

ಮುಕ್ತಾಯಕ್ಕೆ ಆರು ಕಿಲೋಮೀಟರ್ ಇತ್ತು. ಅದಕ್ಕೆ ತುಸು ಮೊದಲಷ್ಟೇ ರೇಸಿನ ಡಾಕ್ಟರ್ ಅವಳ ಪಕ್ಕದಲ್ಲಿ ಕಾರು ಓಡಿಸಿ ನೋಡಿ, ಚಳಿ ಹಿಡಿದಿದೆ, ಅಪಾಯವಿಲ್ಲ ಎಂದು ರೇಡಿಯೋದಲ್ಲಿ ತಿಳಿಸಿದ್ದರು. ನಾನು ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಇಳಿಸಿದೆ. ಸೋಫಿ ಸೈಕಲ್ ತಳ್ಳುತ್ತ ಬಂದು ಮಂಜು ಕಟ್ಟಿದ ನಮ್ಮ ಗಾಜನ್ನು ನೋಡಿದಳು.

"ಒಳಗೆ ಬೆಚ್ಚಗಿದೆಯಾ?" ಎಂದು ಕೇಳಿದಳು.

ಆ ಹುಡುಗಿಯ ಮೂಗಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಬಾ ಮಗಾ ಎಂಬ ಮಾತು ನನ್ನ ಗಂಟಲವರೆಗೆ ಬಂದು ನಿಂತಿತು. ಸುಮಾ ನನ್ನನ್ನೇ ನೋಡುತ್ತಿದ್ದಳು. ಇಗರ್ಜಿಯಲ್ಲಿ ಪಾಪನಿವೇದನೆ ಮಾಡುವ ಮನುಷ್ಯ ನಾನು, ಸುಳ್ಳು ಹೇಳಿ ಅಭ್ಯಾಸವಿಲ್ಲ. ಆದ್ದರಿಂದ ಮೊದಲು ಹೀಟರ್ ಆಫ್ ಮಾಡಿದೆ.

"ಇಲ್ಲಮ್ಮ, ಇಲ್ಲಿ ಹೀಟರ್ ಹಾಳಾಗಿದೆ" ಎಂದೆ. "ಹೊರಗೆ ಪೆಡಲ್ ತುಳಿಯುವವರಿಗೇ ಹೆಚ್ಚು ಬೆಚ್ಚಗೆ."

ಅವಳು ಗಾಜಿನ ಮಂಜನ್ನು ನೋಡಿದಳು, ಸ್ವೆಟರ್ ತೋಳು ಮಡಚಿ ಕೂತಿದ್ದ ನನ್ನನ್ನು ನೋಡಿದಳು. ನನ್ನ ಮಾತನ್ನು ಅವಳು ಚೂರೂ ನಂಬಲಿಲ್ಲ. ಆದರೆ ನಕ್ಕಳು. ನಗುತ್ತಲೇ ಒಂದು ಬೈಗುಳ ಬೈದು, ಅದನ್ನು ಇಲ್ಲಿ ಬರೆಯುವಂತಿಲ್ಲ, ಸೈಕಲ್ ಏರಿದಳು.

ಮೂರು ಕಿಲೋಮೀಟರ್ ಆಗುವಷ್ಟರಲ್ಲಿ ಸುಮಾಳ ಹಲ್ಲು ಕಟಕಟ ಅನ್ನತೊಡಗಿತು. "ಅಂಕಲ್, ಹೀಟರ್ ಹಾಕಿ ಪ್ಲೀಸ್, ಸತ್ತೋಗ್ತೀನಿ."

"ಹಾಳಾಗಿದೆ ಅಂತ ಹೇಳಿ ಆಯ್ತಲ್ಲ. ಅವಳು ಮುಟ್ಟುವವರೆಗೆ ಹಾಳಾಗಿಯೇ ಇರ್ತದೆ."

"ನಾನೇನ್ ಪಾಪ ಮಾಡಿದ್ದೆ?"

ಅವಳಿಗೂ ಒಂದು ಲೋಟ ಸಾರು ಕೊಟ್ಟು ಬಾಯಿ ಮುಚ್ಚಿಸಿದೆ. ಬೆಟ್ಟ ಇಳಿದು ಊರೊಳಗೆ ಬಂದೆವು. ಕೊನೆಯ ತಿರುವಿನಲ್ಲಿ ಸುಮಾ ಚಳಿಯನ್ನೂ ನಿಷ್ಪಕ್ಷಪಾತವನ್ನೂ ಮರೆತು, ಕಿಟಕಿ ಮುಚ್ಚಿಕೊಂಡೇ "ಹೋಗೇ, ಹೋಗೇ ನನ್ನಮ್ಮ" ಎಂದು ಕನ್ನಡದಲ್ಲಿ ಕಿರುಚುತ್ತಿದ್ದಳು. ಸೋಫಿ ಗೆರೆ ದಾಟಿದಾಗ ಲಿಮಿಟ್‌ಗೆ ಇನ್ನೂ ನಲವತ್ತು ಸೆಕೆಂಡ್ ಇತ್ತು. ತಂಡಕ್ಕೆ ಮೂರನೆಯ ಸ್ಥಾನ ಉಳಿಯಿತು. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ, ನಾಚಿಕೆಯಿಲ್ಲದೆ.

ಬಸ್ ಡ್ರೈವರನ ಕೆಲಸವೇ ಬಾಗಿಲು ತೆರೆಯುವುದು. ಎಷ್ಟೋ ವರ್ಷ ಅದನ್ನೇ ಮಾಡಿ, ಅದನ್ನೇ ಒಳ್ಳೆಯತನ ಎಂದುಕೊಂಡಿದ್ದೆ. ಎದುರಿಗಿರುವವರಿಗೆ ಏನು ಬೇಕೆಂದು ಕೇಳದೆ ತೆರೆದ ಬಾಗಿಲು ನನ್ನ ಸಮಾಧಾನಕ್ಕೆ ಮಾತ್ರ ಎಂದು ಆ ಐದು ದಿನಗಳು ಕಲಿಸಿದವು. ಆಮೇಲೆ ನಿವೃತ್ತನಾಗುವವರೆಗೂ, ಮನೆಯಲ್ಲಿ ಮಕ್ಕಳ ವಿಷಯದಲ್ಲೂ, ಮೊದಲು ಕೇಳುವುದನ್ನು ರೂಢಿ ಮಾಡಿಕೊಂಡೆ.

ಅಂದು ಗೆರೆಯಾಚೆ ಗಾಡಿ ನಿಲ್ಲಿಸಿದ್ದಾಗ ಯಾರೋ ಬಾಗಿಲು ತಟ್ಟಿದರು. ಕಂಬಳಿ ಹೊದ್ದ ಸೋಫಿ, ಅವಳ ಹೆಗಲ ಮೇಲೆ ಕೈ ಹಾಕಿಕೊಂಡು ಕೇಟ್. ನಾನು ಸುಮಾಳ ಮುಖ ನೋಡಿದೆ. "ತೆಗೀರಿ ಅಂಕಲ್, ಈಗ ತೆಗೀರಿ" ಎಂದಳು. ಬಟನ್ ಒತ್ತಿದೆ, ಹೀಟರನ್ನು ಪೂರ್ತಿ ತಿರುಗಿಸಿದೆ. ಇಬ್ಬರೂ ಹತ್ತಿ ಕೂತರು. ಬಿಸಿಗಾಳಿ ಮುಖಕ್ಕೆ ಬಡಿದದ್ದೇ ಸೋಫಿ ನನ್ನತ್ತ ತಿರುಗಿದಳು.

"ಹಾಳಾಗಿದೆ ಅಂದಿದ್ದಿರಿ?"

"ಹೌದು, ಈಗಷ್ಟೇ ನೀನು ರಿಪೇರಿ ಮಾಡಿದೆ" ಎಂದು ಹೇಳಿ, ಫ್ಲಾಸ್ಕಿನಲ್ಲಿ ಉಳಿದಿದ್ದ ಸಾರನ್ನು ಎರಡು ಲೋಟಕ್ಕೆ ಬಗ್ಗಿಸಿದೆ.