ದ್ವೀಪದಲ್ಲಿ ಹೆಪ್ಪು ಹಾಕಿದ್ದು

ನನಗೆ ಸಮುದ್ರದ ಮೇಲೆ ಅಂಥ ಪ್ರೀತಿಯೇನಿಲ್ಲ. ಆದರೂ ಕಳೆದ ಚಳಿಗಾಲದಲ್ಲಿ ಬಸವನಗುಡಿಯ ಮನೆಗೆ ಬೀಗ ಹಾಕಿ, ವಿಮಾನ, ಹಡಗು, ಕೊನೆಗೊಂದು ಡೀಸೆಲ್ ವಾಸನೆಯ ದೋಣಿ ಹತ್ತಿ, ಅಂಡಮಾನಿನ ಕಡೆಯ ಒಂದು ಪುಟ್ಟ ದ್ವೀಪಕ್ಕೆ ಹೋದೆ. ಪ್ರವಾಸಿಗರು ಅಪರೂಪಕ್ಕೆ ಸುಳಿಯುವ ಜಾಗ. ಕಾರಣ ಸಾಹಸವಲ್ಲ, ಸುಸ್ತು. ಒಂದು ವಾರವಾದರೂ "ಇವತ್ತೇನು ತಿಂಡಿ?" ಎಂಬ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರದಿದ್ದರೆ ಸಾಕಿತ್ತು. ಸುತ್ತ ನೀರಿದ್ದರೆ ಬರಲಾರದು ಅಂದುಕೊಂಡಿದ್ದೆ.

ಆದರೆ ಯಜಮಾನರನ್ನೂ ಕರೆದುಕೊಂಡು ಹೋಗಿದ್ದೆನಲ್ಲ.

ನಾವು ಇಳಿದುಕೊಂಡದ್ದು ಸೆಲ್ವಿ ಎಂಬವಳ ಮನೆಯಲ್ಲಿ. ಮೂರು ಹೊತ್ತೂ ಅವಳೇ ಮಾಡಿ ಬಡಿಸುವಳು. ಮರುದಿನ ಊಟದ ಕೊನೆಗೆ ಇವರು ಅನ್ನದಲ್ಲೊಂದು ಗುಳಿ ಮಾಡಿಕೊಂಡು ಸುಮ್ಮನೆ ಕೂತರು.

"ಏನ್ರೀ?"

"ಏನಿಲ್ಲ ಕಣೇ, ಮೊಸರು ಬರುತ್ತೇನೋ ಅಂತ."

ಆ ದ್ವೀಪದಲ್ಲಿ ಹಸುವೇ ಇಲ್ಲ; ಇರುವುದು ಹಾಲಿನ ಪುಡಿ. ನಾನು ತೆಪ್ಪಗಿರಬೇಕಿತ್ತು. ಹೆಪ್ಪಿಲ್ಲದಿದ್ದರೆ ಒಣಮೆಣಸಿನಕಾಯಿ ತೊಟ್ಟು ಹಾಕಿದರೂ ಮೊಸರಾಗುತ್ತದೆ ಎಂಬ ಅಜ್ಜಿಯ ವಿದ್ಯೆ ಕೂರಲು ಬಿಡಬೇಕಲ್ಲ! ಪುಡಿ ಕಲಸಿ, ಕಾಯಿಸಿ, ಉಗುರುಬೆಚ್ಚಗಾದಾಗ ತೊಟ್ಟು ಹಾಕಿ ಮುಚ್ಚಿಟ್ಟೆ. ಮೊದಲನೆಯದು ತೆಳ್ಳಗಾಯಿತು, ಅದನ್ನೇ ಹೆಪ್ಪು ಹಾಕಿದ್ದು ಗಟ್ಟಿಯಾಯಿತು. ಸೆಲ್ವಿ ಒಂದು ಚಮಚ ಬಾಯಿಗಿಟ್ಟವಳೇ ಪಕ್ಕದ ಮನೆಗೆ ಓಡಿದಳು. ಸಂಜೆಗೆ ಹೆಂಗಸರೆಲ್ಲ ಬಟ್ಟಲು ಹಿಡಿದು ಬಾಗಿಲಲ್ಲಿ! ಮೊಸರಿನ ಹಿಂದೆ ಮಜ್ಜಿಗೆಹುಳಿ ಬಂತು, ಅದರ ಹಿಂದೆ ಚಿತ್ರಾನ್ನ. "ನಾಳೆಗೇನು ಅಕ್ಕಾ?" ಅಂತ ಸೆಲ್ವಿ ತಮಿಳಿನಲ್ಲಿ ಕೇಳತೊಡಗಿದಳು. ಅದೇ ಪ್ರಶ್ನೆ, ಭಾಷೆ ಬೇರೆ.

"ನಿನ್ನನ್ನ ಯಾರು ಮಾಡು ಅಂದ್ರು?" ಅಂದರು, ಮರಳಿನ ಮೇಲೆ ಮಲಗಿದ್ದ ಯಜಮಾನರು. ಅಷ್ಟರಲ್ಲಿ ಒಗ್ಗರಣೆ ಸೀದ ವಾಸನೆ ಬಂತು, ಒಳಗೆ ಓಡಿದೆ.

ಹೊರಡುವ ದಿನ ಸೆಲ್ವಿ ದೋಣಿಯವರೆಗೆ ಬಂದು ಕೈ ಹಿಡಿದುಕೊಂಡಳು. "ಒಲೆ ಮುಂದೆ ನೀವಿದ್ರಿ ಅಂತ ದಿನಾ ಸಂಜೆ ಇಲ್ಲಿ ಬಂದು ಕೂರ್ತಿದ್ದೆ ಅಕ್ಕಾ. ಮದುವೆಯಾಗಿ ಬಂದಮೇಲೆ ಈ ಕಡಲನ್ನ ಕೂತು ನೋಡೇ ಇರಲಿಲ್ಲ."

ನಾನು ಹುಡುಕಿಕೊಂಡು ಹೋದ ರಜೆ ಅಲ್ಲಿಯೇ ಇತ್ತು. ಪಾಪ, ಸಿಕ್ಕಿದ್ದು ಅವಳಿಗೆ.

"ಬೆಂಗಳೂರಿಗೆ ಬಾ. ವಿಶ್ವೇಶ್ವರಪುರಂ ತಿಂಡಿ ಬೀದಿ ತೋರಿಸ್ತೀನಿ. ಏನೂ ಮಾಡ್ಬೇಡ, ಸುಮ್ನೆ ಇರು" ಅಂದೆ. ಬರುತ್ತಾಳಂತೆ. ಆದರೆ ಅವಳೂ ನನ್ನಂಥವಳೇ. ಬಂದ ಮರುದಿನವೇ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗುತ್ತಾಳೆ. ನಾನು ಬೇಡ ಅನ್ನುತ್ತೇನೆ, ಒಂದೇ ಒಂದು ಸಲ. ಆಮೇಲೆ ಹೊರಗೆ ಕುರ್ಚಿ ಹಾಕಿಕೊಂಡು ನಮ್ಮ ಬೀದಿಯನ್ನು ನೋಡಬೇಕು. ಇಷ್ಟು ವರ್ಷವಾಯಿತು, ಹೇಗಿದೆಯೋ ಏನೋ.