ಪೇಟಿ ಆಚಾರ್ಯರ ತಿದಿ

ಏಕಾದಶಿಯ ದಿನ ಬಡಿದ ಗರ ನನಗಿನ್ನೂ ಇಳಿದಿಲ್ಲ. ನಮ್ಮ ಮನೆಗೆ ದಾಸರ ಪದ ಹಾಡಲು ಬರುವ ಪೇಟಿ ಶೇಷಾಚಾರ್ಯರೆಂದರೆ ಧಾರವಾಡಕ್ಕೆಲ್ಲ ಗೊತ್ತು. ಅಮ್ಮಿನಬಾವಿಯಿಂದ ಹಾರ್ಮೋನಿಯಂ ಪೇಟಿ ಹೊತ್ತು ನಡೆದೇ ಬರುತ್ತಾರೆ. ಬಿಸಿಲಿದ್ದರೆ ಛತ್ರಿ ಪೇಟಿಗೆ, ಧೋತರದ ಚುಂಗು ತಲೆಗೆ. ನನ್ನ ಕೂಸು ಅತ್ತರೆ, "ಸುಮ್ಮನಿರಿಸು ತಂಗೀ, ಪೇಟಿ ಬೆದರತದ" ಎನ್ನುತ್ತಾರೆ. ನಾನೂರು ವರ್ಷದ ಹಿಂದಿನ ದಾಸರು ನಿನ್ನೆ ಪಂಕ್ತಿಯಲ್ಲಿ ಪಕ್ಕಕ್ಕೇ ಕೂತಿದ್ದವರಂತೆ, "ದಾಸರು ಇಲ್ಲೆ ಉಸುರು ಹಿಡೀತಿದ್ರವಾ" ಎಂದು ಕಲಿಸುತ್ತಾರೆ. ಹಾಡತೊಡಗಿದರೆ ಮುಂದಿಟ್ಟ ಹಾಲು ಕೆನೆಗಟ್ಟಿದರೂ ಕಣ್ಣು ತೆರೆಯುವುದಿಲ್ಲ. ಅಂಥವರನ್ನು ಅತ್ತೆ ಮೊನ್ನೆ ಏಕಾದಶಿಗೆ ಹೊಸ್ತಿಲಲ್ಲೇ ತಡೆದರು: "ಪೇಟಿ ತಿದಿಗೆ ತೊಗಲು ಹಚ್ಚಿರ್ತಾರಂತ, ಆಚಾರ್ಯರೇ. ದೇವರ ಮನ್ಯಾಗ ಬ್ಯಾಡ, ಹೊರಗ ಕಟ್ಟೀಮ್ಯಾಲೆ ಕೂತು ಹಾಡ್ರಿ." ಆಚಾರ್ಯರು ಪೇಟಿ ಕೆಳಗಿಳಿಸಿದರು. "ದೇವರ ಮುಂದ ಬಾರಿಸಲಿಲ್ಲಂದ್ರ ಇದು ಯಾಕ ಬೇಕ್ರಿ ನನಗ?" ಎಂದು ಗಾಳಿಯೂದುವ ಆ ತಿದಿ ಅಗಲಿಸಿ ತೋರಿಸಿದರು. ಮಡಿಕೆ ಮಡಿಕೆಗೂ ಕೆಂಪು ರೇಷ್ಮೆ, ಜರಿಯಂಚು! "ತೊಗಲು ಕಿತ್ತು, ನಮ್ಮಾಕಿ ತನ್ನ ಧಾರೀ ಸೀರಿ ಕತ್ತರಿಸಿ ಹಚ್ಚಿಕೊಟ್ಟಳ್ರಿ. ಹೋದ ಚೈತ್ರದಾಗ ಮುತ್ತೈದಿಯಾಗಿ ಹೋದಳು. ಉಡಿಸಿ ಕಳಸಲಿಕ್ಕೆ ಆ ಸೀರಿ ಇರಲಿಲ್ಲ. ಹಳೇ ನೂಲಿನ ಸೀರ್ಯಾಗ ಕಳಿಸಿದೆ." ಮದುವೆಯ ಧಾರೆ ಸೀರೆಯುಟ್ಟೇ ಚಿತೆಗೆ ಹೋಗಬೇಕೆಂದು ನಾವು ಹೆಂಗಸರು ಪೆಟ್ಟಿಗೆಯ ತಳದಲ್ಲಿ ಅದನ್ನು ಜೋಪಾನ ಮಾಡುತ್ತೇವೆ. ಆಕೆ ಅದಕ್ಕೆ ಕತ್ತರಿ ಹಾಕಿದ್ದಳು! ಅತ್ತೆ ಒಳಗೆ ಹೋಗಿ ದೇವರೆದುರು ಎರಡು ಮಣೆ ಹಾಕಿದರು. ಒಂದು ಆಚಾರ್ಯರಿಗೆ, ಒಂದು ಪೇಟಿಗೆ. ಪೇಟಿಯ ಮಣೆಗೆ ಅರಿಷಿಣ ಕುಂಕುಮ ಹಚ್ಚಿದರು.