ಮೈಕಿನಣ್ಣ ಎತ್ತಿದ ಬೆರಳು

ಅವರ ಬಲಗೈಯ ತೋರುಬೆರಳಿನ ತುದಿ ಬೆಸುಗೆಯ ಬಿಸಿಗೆ ಸುಟ್ಟು ಸುಟ್ಟು ಹುರಿದ ಗೋಡಂಬಿಯ ಬಣ್ಣಕ್ಕೆ ತಿರುಗಿತ್ತು. ಅಂಕೋಲಾ ಪೇಟೆಯಲ್ಲಿ ರೇಡಿಯೋ, ಮೈಕು ರಿಪೇರಿ ಮಾಡುತ್ತಿದ್ದ ಅವರನ್ನು ನಾವೆಲ್ಲ ಮೈಕಿನಣ್ಣ ಎನ್ನುತ್ತಿದ್ದೆವು. ಬೇಲೆಕೇರಿಯ ನಮ್ಮ ಶನಿವಾರದ ಭಜನೆಗೆ ಮೈಕ್ ಸೆಟ್ ಅವರದೇ. ಸೆಟ್ ಹಾಕಿದ ಮೇಲೆ ಅವರು ಮುಂದೆ ಕೂರುತ್ತಿರಲಿಲ್ಲ. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಲ್ಲಿ ನಿಂತು ಕಿವಿಗೊಡುತ್ತಿದ್ದರು. ಅಲ್ಲಿಗೂ ಕೇಳಿದರೆ ಆ ಸುಟ್ಟ ಬೆರಳು ಮೇಲೇಳುತ್ತಿತ್ತು.

"ಕಾಲುನೋವಿನ ಮುದುಕಿಯರೆಲ್ಲ ಇಲ್ಲೇ ಮೆಟ್ಟಿಲ ಮೇಲೆ ಕೂತ್ಕಳ್ಳೂದು. ಅವ್ರಿಗೆ ಕೇಳ್ದಿದ್ರೆ ಇಷ್ಟೆಲ್ಲ ವಾಯರ್ ಎಳೆಯೂದು ಎಂತಕ್ಕೆ?" ಎನ್ನುತ್ತಿದ್ದರು.

ಭಜನೆಯ ಸಾಲು ಎತ್ತಿಕೊಡುತ್ತಿದ್ದವಳು ನಾನು. ಗಂಟಲಿನ ಆಪರೇಶನ್ ಆದ ಮೇಲೆ ಜೀವ ಉಳಿಯಿತು, ದನಿ ಸೊರಗಿತು. ಅದಕ್ಕೂ ದೇವರು ದಾರಿ ತೋರಿಸಿದ. ಬೈತಖೋಲ ಬಂದರಿನಲ್ಲಿ ಕೆಲಸಕ್ಕಿರುವ ನಮ್ಮ ಯಜಮಾನರು ಕಾರವಾರದಿಂದ ಸೆರಗಿಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕ್ ತಂದುಕೊಟ್ಟರು. ಶ್ರಾವಣದ ಭಜನಾ ಸಪ್ತಾಹಕ್ಕೆ ಎರಡು ದಿನ ಇರುವಾಗ ಅದು ಕರಕರ ಎಂದು ಸುಮ್ಮನಾಯಿತು. ಇದಕ್ಕೆ ರಿಪೇರಿ ಇಲ್ಲ, ಹೊಸದು ತರಿಸಲು ವಾರ ಬೇಕು ಎಂದರಂತೆ ಕಾರವಾರದ ಅಂಗಡಿಯವರು. ಇನ್ನು ಬೇರೆಯವರು ಹಾಡಲಿ, ನನ್ನದು ಇಲ್ಲಿಗೆ ಮುಗಿಯಿತು ಎಂದುಕೊಂಡೇ ಮೈಕಿನಣ್ಣನ ಹತ್ತಿರ ಹೋದೆ.

ವಾಯರಿನ ಉದ್ದಕ್ಕೂ ಬೆರಳಾಡಿಸಿದವರು ಒಂದು ಕಡೆ ತಡೆದರು.

"ಇದೆಂತದೇ ತಂಗಿ, ತೂತು?"

"ಜಾರ್ತದೆ ಅಂತ ಸೆರಗಿನ ಸಂಗ್ತಿಗೆ ಸೇರಿಸಿ ಪಿನ್ನು ಹಾಕಿದ್ದೆ."

"ವಾಯರಿನ ಒಳಗೇ?"

ನಾನು ಸೆರಗಿನ ಪಿನ್ನು ತೆಗೆದು ತೋರಿಸಿದೆ.

"ಉಪ್ಪುಗಾಳಿ ತಿಂದ ಮೈಕ್ ನೋಡಿದ್ದೆ, ಇಲಿ ಕಡಿದದ್ದು ನೋಡಿದ್ದೆ. ಸೀರೆಪಿನ್ನು ಚುಚ್ಚಿ ಕೊಂದವಳು ನೀನೊಬ್ಳೇ ಮಾರಾಯ್ತಿ!"

ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತೂತಾದಷ್ಟು ಕತ್ತರಿಸಿ, ಕೂದಲೆಳೆಯಂಥ ತಂತಿಗಳನ್ನು ಬೆಸೆದರು. ಅಂಗಡಿಯ ಸ್ಪೀಕರಿಗೆ ಜೋಡಿಸಿದರೂ ಸದ್ದಿಲ್ಲ. ಆಗ ಹಳೆಯ ಟೇಪ್‌ರೆಕಾರ್ಡರೊಂದನ್ನು ಬಿಚ್ಚಿ, ಅದರೊಳಗಿನ ಕಡಲೆಕಾಳಿನಷ್ಟು ಮೈಕನ್ನು ತೆಗೆದು ಇದಕ್ಕೆ ಕೂರಿಸಿದರು. ಬೆಸುಗೆಯ ಮೇಲೆ ಹೆಂಡತಿಯ ಹಳೆ ರವಿಕೆಯ ಕೆಂಪು ತುಂಡು ಸುತ್ತಿ, ಒಂದು ಕುಣಿಕೆಯನ್ನೂ ಹೊಲಿದರು.

"ಪಿನ್ನು ಈ ಕುಣಿಕೆಗೆ ಹಾಕೂದು. ಈಗ ಹಾಡು."

"ದನಿ ಹೋಗಿದೆ ಅಣ್ಣಾ."

"ಹೋದ್ರೆ ಇಷ್ಟು ಹೊತ್ತು ಮಾತಾಡಿದ್ದು ಯಾರು?"

ರಸ್ತೆ ದಾಟಿ ಹೂವಿನವಳ ಪಕ್ಕ ನಿಂತರು. ನಾನು ನಾಚುತ್ತಲೇ ಒಂದು ಸಾಲು ಹೇಳಿದೆ. ಬಸ್ಸೊಂದು ಅಡ್ಡ ಬಂತು. ಅದು ಸರಿದಾಗ ಬೆರಳು ಮೇಲಿತ್ತು. ಆ ಸಪ್ತಾಹದ ಏಳು ದಿನವೂ ಹಾಡಿದೆ, ಆಮೇಲೂ ಬಿಡಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಮನೆಯಲ್ಲಿ ಭಜನೆ ಇಟ್ಟಿದ್ದರು. ಕೆಂಪು ಕುಣಿಕೆಗೆ ಪಿನ್ನು ಹಾಕಿ ಕುಳಿತೆ. ರೂಢಿಯಂತೆ ಕಣ್ಣು ಬಾಗಿಲಾಚೆಯ ಚಪ್ಪಲಿಗಳತ್ತ ಹೋಯಿತು. ಅಲ್ಲಿ ಯಾರೂ ಇರಲಿಲ್ಲ, ಸಾಲು ಏಳಲಿಲ್ಲ. ಎಲ್ಲರೂ ಕಾಯುತ್ತಿದ್ದರು.

ಒಳಗೆ ಕುಳಿತಿದ್ದ ಅವರ ಹೆಂಡತಿ ಮೆಲ್ಲನೆ ಎದ್ದು, ಹೊರಗೆ ಚಪ್ಪಲಿಗಳ ನಡುವೆ ಹೋಗಿ ನಿಂತರು. ನಾನು ಶುರುಮಾಡಿದೆ. ಅವರು ಒಂದು ಸಾಲು ಪೂರ್ತಿ ಕೇಳಿ, ಬೆರಳು ಎತ್ತಿದರು.